ಚುಕ್ಕೆಗಳು ಮಾಯವಾದ ದಿನ

ಸಮುದ್ರ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆ ಬಿಳಿ ಚುಕ್ಕೆ ರೋಗದ ಪರಿಚಯ ಇಂದಲ್ಲ ನಾಳೆ ಆಗಿಯೇ ಆಗುತ್ತದೆ. ಮೀನಿನ ಈಜುರೆಕ್ಕೆಗಳ ಮೇಲೆ, ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ, ಮೀನು ಕಲ್ಲಿಗೆ ಮೈ ಉಜ್ಜತೊಡಗುತ್ತದೆ, ಸಾಕಿದವರಿಗೆ ಗಾಬರಿಯಾಗುತ್ತದೆ. ಕೈಗೆ ಸಿಕ್ಕ ಔಷಧವೊಂದನ್ನು ನೀರಿಗೆ ಸುರಿಯುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸುತ್ತಾರೆ. ನಾಲ್ಕನೆಯ ದಿನವೋ ಐದನೆಯ ದಿನವೋ ಚುಕ್ಕೆಗಳು ಒಂದೂ ಉಳಿಯದಂತೆ ಮಾಯವಾಗುತ್ತವೆ, ಮೀನು ಮತ್ತೆ ಚುರುಕಾಗಿ ಆಹಾರಕ್ಕೆ ಬರುತ್ತದೆ, ಔಷಧಕ್ಕೆ ಒಳ್ಳೆಯ ಹೆಸರು ಬರುತ್ತದೆ. ಈ ಹವ್ಯಾಸದಲ್ಲಿ ಅತಿ ಹೆಚ್ಚು ಅಪಾರ್ಥಕ್ಕೆ ಒಳಗಾಗಿರುವ ದಿನ ಇದೇ ಎಂಬುದು ನನ್ನ ಅಭಿಪ್ರಾಯ. ಏನನ್ನೂ ಹಾಕದೆ ಸುಮ್ಮನೆ ಕುಳಿತಿದ್ದರೂ ಆ ಚುಕ್ಕೆಗಳು ಹೆಚ್ಚುಕಡಿಮೆ ಅದೇ ದಿನ ಮಾಯವಾಗುತ್ತಿದ್ದವು. ಪರಾವಲಂಬಿ ಸತ್ತಿಲ್ಲ, ಬೇಕಾದಷ್ಟು ತಿಂದು ಬೆಳೆದು, ಮುಂದಿನ ಕೆಲಸಕ್ಕಾಗಿ ತಾನಾಗಿಯೇ ಮೀನಿನಿಂದ ಇಳಿದು ಹೋಗಿದೆ.

ಈ ಏಕಕೋಶ ಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್. ಮೈತುಂಬ ಸೂಕ್ಷ್ಮ ರೋಮಗಳಿರುವ ಇದು ಮೀನಿನ ಚರ್ಮ ಮತ್ತು ಕಿವಿರುಗಳ ಹೊರಪದರದ ಅಡಿಗೆ ನುಸುಳಿ, ಅಲ್ಲಿಯೇ ತಿರುತಿರುಗುತ್ತ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಎಂದರೆ ಹೀಗೆ ಬೆಳೆದ ಜೀವಿ ಮತ್ತು ಅದರ ಸುತ್ತ ಉಬ್ಬಿದ ಚರ್ಮ. ಅದು ಮೀನಿನ ಮೇಲೆ ಇರುವುದು ಮೂರರಿಂದ ಏಳು ದಿನ ಮಾತ್ರ. ಆಮೇಲೆ, ಸಾಮಾನ್ಯವಾಗಿ ಕತ್ತಲಾದ ಹೊತ್ತಿನಲ್ಲಿ, ಮೀನನ್ನು ಬಿಟ್ಟು ತಳಕ್ಕಿಳಿದು, ಕೆಲವು ಗಂಟೆಗಳ ಕಾಲ ತೆವಳಿ ಜಾಗ ಹುಡುಕಿ, ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿಕೊಂಡು ಸುತ್ತಲೂ ಗಟ್ಟಿಯಾದ ಕವಚ ಕಟ್ಟಿಕೊಳ್ಳುತ್ತದೆ. ಟೋಮಾಂಟ್ ಎಂದು ಕರೆಯುವ ಈ ಹಂತದಲ್ಲಿ ಅದು ಒಳಗೊಳಗೇ ಒಡೆದು ಎರಡಾಗಿ, ನಾಲ್ಕಾಗಿ, ಕೊನೆಗೆ 200ರವರೆಗೂ ಮರಿಜೀವಿಗಳಾಗುತ್ತದೆ. ಥೆರಾಂಟ್ ಎಂಬ ಈ ಮರಿಜೀವಿಗಳು ಕವಚ ಬಿಟ್ಟು ಹೊರಬರುವುದೂ ಹೆಚ್ಚಾಗಿ ಬೆಳಗಿನ ಜಾವದ ಕತ್ತಲಲ್ಲೇ. ಹಗಲಿಡೀ ಅಲೆದ ಮೀನುಗಳು ಕಲ್ಲಿನ ಸಂದಿಯಲ್ಲಿ ಅಲುಗಾಡದೆ ತಂಗಿರುವ ಹೊತ್ತು ಅದು. ಹೊರಬಂದ ಆರೆಂಟು ಗಂಟೆಗಳಲ್ಲಿ ಅವುಗಳ ಸೋಂಕು ತಗುಲಿಸುವ ಶಕ್ತಿ ಬೇಗಬೇಗನೆ ಕುಂದುತ್ತದೆ, ಎರಡು ದಿನಗಳೊಳಗೆ ಮೀನು ಸಿಗದೆ ಹೋದರೆ ಅವು ಸಾಯುತ್ತವೆ.

ಒಟ್ಟು ಲೆಕ್ಕ ಹಾಕಿದರೆ ಈ ಜೀವಿ ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಮೀನಿನಿಂದ ಹೊರಗೆ, ನಮ್ಮ ಕಣ್ಣಿಗೆ ಬೀಳದ ಕಡೆ ಕಳೆಯುತ್ತದೆ. ಕವಚದ ಹಂತ ಮೂರು ದಿನಗಳಲ್ಲಿ ಮುಗಿಯಬಹುದು, ನಾಲ್ಕು ವಾರ ಹಿಡಿಯಬಹುದು. ದಾಖಲಾಗಿರುವ ಅತಿ ದೀರ್ಘ ಅವಧಿಗಳಲ್ಲಿ 72 ದಿನಗಳದ್ದೂ ಒಂದು. ಒಂದೇ ರಾತ್ರಿ ಒಂದೇ ಮೀನಿನಿಂದ ಇಳಿದ ಜೀವಿಗಳೂ ಒಂದೇ ದಿನ ಒಡೆಯುವುದಿಲ್ಲ. ಆದ್ದರಿಂದ ಮೀನಿನ ಮೇಲೆ ಚುಕ್ಕೆ ಇಲ್ಲದ ದಿನಗಳು ತೊಟ್ಟಿಯಲ್ಲಿ ರೋಗವಿಲ್ಲದ ದಿನಗಳಲ್ಲ. ಹತ್ತು ಚುಕ್ಕೆಗಳು ಇಳಿದು ಹೋದದ್ದನ್ನು ಕಂಡು ನೆಮ್ಮದಿಯಿಂದಿದ್ದವರ ತೊಟ್ಟಿಯಲ್ಲಿ ಎರಡು ವಾರಗಳ ನಂತರ ಸಾವಿರ ಮರಿಜೀವಿಗಳು ಈಜುತ್ತಿರುತ್ತವೆ, ಮತ್ತು ಅವುಗಳಲ್ಲಿ ಅರ್ಧದಷ್ಟು ಮೊದಲು ಸೇರುವುದು ಹೊರಗಿನಿಂದ ಏನೂ ಕಾಣದ ಕಿವಿರುಗಳನ್ನು ಎಂದಿಟ್ಟುಕೊಂಡರೂ, ಎರಡನೆಯ ಸುತ್ತಿನಲ್ಲಿ ಮೀನುಗಳು ಏಕೆ ಸಾಯುತ್ತವೆ ಎಂಬುದು ಅರ್ಥವಾಗುತ್ತದೆ.

ಸಮುದ್ರದಲ್ಲಿಯೂ ಈ ಜೀವಿ ಇದೆ, ಆದರೆ ಅಲ್ಲಿ ಅದು ಪಿಡುಗಾಗುವುದು ಅಪರೂಪ. ತಳದಲ್ಲಿ ಒಡೆದ ಕವಚದಿಂದ ಹೊರಟ 200 ಮರಿಜೀವಿಗಳಿಗೆ ಅಪಾರ ನೀರಿನಲ್ಲಿ, ಕೆಲವೇ ಗಂಟೆಗಳೊಳಗೆ, ಮೀನು ಸಿಗುವ ಸಂಭವ ತೀರಾ ಕಡಿಮೆ. ಮೀನು ಆ ಜಾಗ ಬಿಟ್ಟು ಎಲ್ಲಿಗೋ ಹೋಗಿರುತ್ತದೆ. ತೊಟ್ಟಿಯಲ್ಲಿ ಮೀನಿಗೆ ಹೋಗಲು ಬೇರೆ ಜಾಗವೇ ಇಲ್ಲ. ಈ ರೋಗಗಳ ಇತಿಹಾಸವೂ ಇದನ್ನೇ ಹೇಳುತ್ತದೆ ಎಂದು ನನಗೆ ಅನ್ನಿಸುತ್ತದೆ. ಚರ್ಮಕ್ಕೆ ಕಚ್ಚಿಕೊಳ್ಳುವ ಚಪ್ಪಟೆ ಹುಳುವೊಂದನ್ನು, ಇಂದು ನಿಯೋಬೆನಿಡೀನಿಯಾ ಮೆಲ್ಲೆನಿ ಎಂದು ಕರೆಯುವುದನ್ನು, ಸಂಶೋಧಕ ಮ್ಯಾಕಲಮ್ 1927ರಲ್ಲಿ ವಿವರಿಸಿದ್ದು ನ್ಯೂಯಾರ್ಕ್ ಅಕ್ವೇರಿಯಂನ ಮೀನುಗಳಿಂದ. ಬಿಳಿ ಚುಕ್ಕೆಯನ್ನೇ ಹೋಲುವ, ಮುಂದೆ ವಿವರಿಸಲಿರುವ ವೆಲ್ವೆಟ್ ರೋಗದ ಜೀವಿಯನ್ನು ಇ. ಎಂ. ಬ್ರೌನ್ ಅವರು 1931ರಲ್ಲಿ ಗುರುತಿಸಿದ್ದು ಲಂಡನ್ ಮೃಗಾಲಯದ ಅಕ್ವೇರಿಯಂನಲ್ಲಿ. ಬಿಳಿ ಚುಕ್ಕೆಯ ಜೀವಿಗೆ ಇಂದಿನ ಹೆಸರು ಕೊಟ್ಟವರೂ ಅವರೇ, 1951ರಲ್ಲಿ. ಸಾಗರವನ್ನು ಬಿಟ್ಟು ತೊಟ್ಟಿಗಳಲ್ಲಿ ಇವು ಮೊದಲು ವಿಜ್ಞಾನದ ಕಣ್ಣಿಗೆ ಬಿದ್ದದ್ದು ಕೇವಲ ಕಾಕತಾಳೀಯವಾಗಿರಲಾರದು.

ಇಲ್ಲಿ ಸ್ವಚ್ಛಕ ಮೀನಿನ ವಿಷಯವನ್ನೂ ಹೇಳಿಬಿಡಬೇಕು. ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್ ಎಂಬ ನೀಲಿ ಪಟ್ಟೆಯ ಪುಟ್ಟ ರಾಸ್ ಮೀನು ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುವುದು ನಿಜ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಲೆಕ್ಸಾಂಡ್ರಾ ಗ್ರಟರ್ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದೊಂದು ಮೀನು ದಿನಕ್ಕೆ ಸರಾಸರಿ 1,200ಕ್ಕೂ ಹೆಚ್ಚು ಪರಾವಲಂಬಿಗಳನ್ನು ತಿನ್ನುತ್ತದೆ. ಈ ಅಂಕಿ ಕೇಳಿದವರು ತಮ್ಮ ತೊಟ್ಟಿಗೂ ಒಂದನ್ನು ತಂದು ಬಿಡುತ್ತಾರೆ. ಆದರೆ ಅದು ತಿನ್ನುವುದು ಹೆಚ್ಚಾಗಿ ನಥೀಯಿಡ್ ಎಂಬ, ಮೈಯ ಹೊರಗೆ ಕಚ್ಚಿಕೊಂಡು ರಕ್ತ ಹೀರುವ ಕಠಿಣಚರ್ಮಿಗಳ ಮರಿಗಳನ್ನು. ಬಿಳಿ ಚುಕ್ಕೆಯ ಜೀವಿ ಇರುವುದು ಚರ್ಮದ ಪದರದ ಅಡಿಯಲ್ಲಿ. ಚಿಕಿತ್ಸೆಗೆಂದು ಸ್ವಚ್ಛಕ ಮೀನನ್ನೋ ಸೀಗಡಿಯನ್ನೋ ತರುವುದು ಪ್ರಯೋಜನವಿಲ್ಲದ ಕೆಲಸ, ಮತ್ತು ಆ ಮೀನು ಅಕ್ವೇರಿಯಂಗಳಲ್ಲಿ ಸಾಕಷ್ಟು ಆಹಾರವಿಲ್ಲದೆ ಸೊರಗುವುದೇ ಹೆಚ್ಚು.

ಚುಕ್ಕೆ ಕಂಡಾಕ್ಷಣ ಬಿಳಿ ಚುಕ್ಕೆ ರೋಗ ಎಂದು ತೀರ್ಮಾನಿಸುವುದು ಎಷ್ಟು ಸುಲಭವೋ ಅಷ್ಟೇ ಅಪಾಯಕರ, ಏಕೆಂದರೆ ಅದಕ್ಕಿಂತ ಭೀಕರವಾದ ಇನ್ನೊಂದು ರೋಗ ಹೆಚ್ಚುಕಡಿಮೆ ಅದೇ ವೇಷದಲ್ಲಿ ಬರುತ್ತದೆ. ವೆಲ್ವೆಟ್ ರೋಗಕ್ಕೆ ಕಾರಣವಾದ ಅಮೈಲೋಡಿನಿಯಂ ಒಸೆಲೇಟಂ ಸೂಕ್ಷ್ಮ ರೋಮಗಳ ಜೀವಿಯಲ್ಲ, ಚಾವಟಿಯಂಥ ಎಳೆಗಳಿಂದ ಈಜುವ ಏಕಕೋಶ ಜೀವಿಗಳಾದ ಡೈನೋಫ್ಲಾಜೆಲೇಟ್ ಗುಂಪಿಗೆ ಸೇರಿದ್ದು. ಅದು ಬೇರಿನಂಥ ಎಳೆಗಳಿಂದ ಮೀನಿನ ಜೀವಕೋಶಗಳಿಗೆ ಚುಚ್ಚಿ ಅಂಟಿಕೊಳ್ಳುತ್ತದೆ, ಮತ್ತು ಅದರ ಮೊದಲ ಆಯ್ಕೆ ಕಿವಿರು. ಚರ್ಮದ ಮೇಲೆ ಕಾಣುವ ಹೊತ್ತಿಗೆ ಕಿವಿರುಗಳು ಆಗಲೇ ಹಾಳಾಗಿರುತ್ತವೆ; ಎಷ್ಟೋ ಮೀನುಗಳು ಮೈಮೇಲೆ ಒಂದು ಕಣವೂ ಕಾಣಿಸದೆ ಸತ್ತು ಹೋಗುತ್ತವೆ. ಕಂಡಾಗ ಅದರ ಕಣಗಳು ಬಿಳಿ ಚುಕ್ಕೆಗಿಂತ ಬಹಳ ಸಣ್ಣವು, ಎಣಿಸಲಾಗದಷ್ಟು ಒತ್ತೊತ್ತಾದವು. ಕತ್ತಲು ಕೋಣೆಯಲ್ಲಿ ಮೀನಿನ ಮೇಲೆ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿದರೆ ಮೈಮೇಲೆ ತೆಳುವಾದ ಹೊಂಬಣ್ಣದ ಲೇಪ ಇದ್ದಂತೆ ತೋರುತ್ತದೆ. ಒಂದು ಕವಚದಿಂದ 256ರವರೆಗೆ ಮರಿಜೀವಿಗಳು ಹೊರಡುತ್ತವೆ, ಅವು ಮೀನಿಲ್ಲದೆ ಆರು ದಿನಗಳಿಗೂ ಹೆಚ್ಚು ಕಾಲ ಬದುಕಬಲ್ಲವು. ಬಿಳಿ ಚುಕ್ಕೆ ರೋಗ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ. ವೆಲ್ವೆಟ್ ಎರಡು ಮೂರು ದಿನಗಳಲ್ಲಿ ಇಡೀ ತೊಟ್ಟಿಯನ್ನು ಖಾಲಿ ಮಾಡಬಲ್ಲದು.

ಆದ್ದರಿಂದ ನಾನು ಮೊದಲು ನೋಡುವುದು ಮೀನಿನ ಮೈಯನ್ನಲ್ಲ, ಅದರ ಉಸಿರಾಟವನ್ನು. ಕಿವಿರಿನ ಮುಚ್ಚಳ ಎಷ್ಟು ವೇಗವಾಗಿ ಬಡಿದುಕೊಳ್ಳುತ್ತಿದೆ, ಒಂದು ಬದಿಯ ಮುಚ್ಚಳವನ್ನಷ್ಟೇ ಬಳಸುತ್ತಿದೆಯೇ, ತೊಟ್ಟಿಯೊಳಗೆ ನೀರು ಹರಿಸುವ ಪಂಪ್ ಆದ ಪವರ್‌ಹೆಡ್‌ನಿಂದ ಚಿಮ್ಮುವ ನೀರಿಗೆ ಮುಖ ಕೊಟ್ಟು ನಿಂತಿದೆಯೇ, ಬೆಳಕು ತಪ್ಪಿಸಿಕೊಂಡು ಮೂಲೆ ಸೇರಿದೆಯೇ, ನಿನ್ನೆ ಓಡಿ ಬಂದು ತಿಂದ ಆಹಾರಕ್ಕೆ ಇಂದು ತಲೆ ತಿರುಗಿಸಿದೆಯೇ ಎಂಬ ಪ್ರಶ್ನೆಗಳಿಗೆ ಚುಕ್ಕೆಗಳಿಗಿಂತ ಹೆಚ್ಚಿನ ಬೆಲೆ ಇದೆ. ಚುಕ್ಕೆಗಳಿದ್ದೂ ಮೀನು ಚೆನ್ನಾಗಿ ತಿನ್ನುತ್ತ ಈಜಾಡುತ್ತಿದ್ದರೆ ಅದು ಬಿಳಿ ಚುಕ್ಕೆಯ ಆರಂಭವಿರಬಹುದು, ಯೋಚಿಸಲು ಒಂದೆರಡು ದಿನ ಸಿಗುತ್ತದೆ. ಚುಕ್ಕೆ ಸರಿಯಾಗಿ ಕಾಣದೆ ಉಸಿರಾಟ ಮಾತ್ರ ಏರಿದ್ದು, ಮೀನು ಪವರ್‌ಹೆಡ್‌ನ ಹರಿವಿನಲ್ಲಿ ನಿಂತೇ ಇದ್ದರೆ, ಬೆಳಗಾಗುವವರೆಗೆ ಕಾಯಬಾರದು. ಉಸಿರಾಟ ಏರಲು ನೀರಿನಲ್ಲಿ ಅಮೋನಿಯಾ ಹೆಚ್ಚಿದ್ದೋ ಆಮ್ಲಜನಕ ಕಡಿಮೆಯಾದದ್ದೋ ಕಾರಣವಿರಬಹುದು. ನೀರಿನ ಪರೀಕ್ಷೆ ಐದು ನಿಮಿಷದ ಕೆಲಸ, ಅದನ್ನು ಮೊದಲು ಮಾಡಿ ಮುಗಿಸಬೇಕು.

ಮೂರನೆಯದು ಬ್ರೂಕ್ಲಿನೆಲ್ಲಾ ಹಾಸ್ಟಿಲಿಸ್. ಹೆಚ್ಚಾಗಿ ಸಮುದ್ರದಿಂದ ಹಿಡಿದು ತಂದ ಕ್ಲೌನ್ ಮೀನುಗಳನ್ನು ಕಾಡುವ ಇದು ಚುಕ್ಕೆ ಬರಿಸುವುದಿಲ್ಲ. ಮೀನಿನ ಮೈಯಿಂದ ದಪ್ಪನೆಯ ಬಿಳಿ ಲೋಳೆ ಎಳೆಎಳೆಯಾಗಿ ಕಳಚತೊಡಗುತ್ತದೆ, ಬಣ್ಣ ಮಂಕಾಗುತ್ತದೆ. ಕವಚ ಕಟ್ಟಿಕೊಳ್ಳುವ ಹಂತ ಇದಕ್ಕಿಲ್ಲ, ಮೀನಿನ ಮೇಲೆಯೇ ನೇರವಾಗಿ ಎರಡಾಗಿ ಒಡೆದು ಹೆಚ್ಚುತ್ತದೆ, ಹಾಗಾಗಿ ರೋಗ ಬಲಿಯಲು ಹೊತ್ತು ಹಿಡಿಯುವುದಿಲ್ಲ. ತಾಮ್ರದ ಔಷಧ ಇದನ್ನು ನಿಲ್ಲಿಸುವುದಿಲ್ಲ. ಯುರೋನೀಮಾ ಮರೀನಂ ಎಂಬ ಇನ್ನೊಂದು ಜೀವಿ ಸಣ್ಣ ಮೀನುಗಳಾದ ಹಸಿರು ಕ್ರೋಮಿಸ್‌ಗಳ ಪಕ್ಕೆಯಲ್ಲಿ ಕೆಂಪು ಹುಣ್ಣುಗಳನ್ನು ಮಾಡುತ್ತದೆ. ಅದು ಮೀನಿಲ್ಲದೆಯೂ ಬ್ಯಾಕ್ಟೀರಿಯಾಗಳನ್ನು ತಿಂದು ತೊಟ್ಟಿಯಲ್ಲಿ ಬದುಕಬಲ್ಲದು, ಮಾಂಸಖಂಡ ಹಾಗೂ ಒಳಾಂಗಗಳವರೆಗೂ ಹೋಗಬಲ್ಲದು. ಹುಣ್ಣು ದೊಡ್ಡದಾದ ಮೇಲೆ ಉಳಿದ ಮೀನುಗಳು ಕಡಿಮೆ.

ಚಪ್ಪಟೆ ಹುಳುಗಳ ಕಥೆ ಬೇರೆ. ಚರ್ಮದ ಹುಳುಗಳು ಪಾರದರ್ಶಕವಾಗಿರುವುದರಿಂದ ಮೀನಿನ ಮೇಲೆ ಹತ್ತಾರು ಇದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ಕಣ್ಣು ಮೋಡ ಮುಸುಕಿದಂತಾಗುವುದು, ರೆಕ್ಕೆಗಳನ್ನು ಮುದುಡಿಕೊಳ್ಳುವುದು, ತಲೆಯನ್ನು ಥಟ್ಟನೆ ಒದರುವುದು, ಆಕಳಿಸಿದಂತೆ ಬಾಯಿ ತೆರೆಯುವುದು ಇವುಗಳಿಂದ ಅನುಮಾನ ಹುಟ್ಟಬೇಕು. ಅನುಮಾನವನ್ನು ಪರೀಕ್ಷಿಸುವ ಬಗೆ ಸರಳ: ತಾಪಮಾನ ಮತ್ತು ಪಿಎಚ್ ಎರಡನ್ನೂ ತೊಟ್ಟಿಯ ನೀರಿಗೆ ಹೊಂದಿಸಿದ, ಕ್ಲೋರಿನ್ ತೆಗೆದ ಸಿಹಿನೀರಿನಲ್ಲಿ, ಗಾಳಿಯಾಡಿಸುತ್ತ, ಮೀನನ್ನು ಐದು ನಿಮಿಷಗಳವರೆಗೆ ಇಡುವುದು. ಸಿಹಿನೀರಿನಲ್ಲಿ ಈ ಹುಳುಗಳು ಊದಿಕೊಂಡು ಬೆಳ್ಳಗಾಗಿ ಕಳಚಿ ಬೀಳುತ್ತವೆ, ಪಾತ್ರೆಯ ತಳ ಕಪ್ಪಾಗಿದ್ದರೆ ಎಳ್ಳಿನಷ್ಟು ಗಾತ್ರದ ಬಿಳಿ ಬಿಲ್ಲೆಗಳಾಗಿ ಎದ್ದು ಕಾಣುತ್ತವೆ. ಮೀನು ತಾಳದೆ ಮಗುಚಿದರೆ ಗಡಿಯಾರ ನೋಡದೆ ವಾಪಸು ತೆಗೆಯಬೇಕು. ಬೂದು ಅಥವಾ ಹಳದಿ ಟ್ಯಾಂಗ್ ಮೀನುಗಳ ಮೇಲೆ ಕರಿಯ ಚುಕ್ಕೆಗಳಾಗಿ ಕಾಣುವುದೂ ಒಂದು ಬಗೆಯ ಚಪ್ಪಟೆ ಹುಳುವೇ. ಅದು ಕೊಲ್ಲುವ ರೋಗವಲ್ಲ, ಇದೇ ಸಿಹಿನೀರಿನ ಸ್ನಾನಕ್ಕೆ ಬಗ್ಗುತ್ತದೆ.

ಪರಾವಲಂಬಿಯೇ ಅಲ್ಲದ್ದನ್ನು ಪರಾವಲಂಬಿ ಎಂದು ಭ್ರಮಿಸುವುದೂ ಉಂಟು. ರೆಕ್ಕೆಯ ಅಂಚಿನಲ್ಲಿ ಗಂಟುಗಂಟಾಗಿ ಬೆಳೆದು ವಾರಗಟ್ಟಲೆ ಕದಲದೆ ಇರುವ ಬಿಳಿ ಉಬ್ಬು ಬಹುಮಟ್ಟಿಗೆ ಲಿಂಫೋಸಿಸ್ಟಿಸ್ ಎಂಬ ವೈರಸ್‌ನದು. ಅದಕ್ಕೆ ಔಷಧವಿಲ್ಲ, ಬೇಕಾಗಿಯೂ ಇಲ್ಲ. ನೀರು, ಆಹಾರ ಚೆನ್ನಾಗಿದ್ದರೆ ತಾನಾಗಿ ಹೋಗುತ್ತದೆ. ಹಾಗೆಯೇ ಮೈಗೆ ಅಂಟಿದ ಮರಳು, ಗಾಳಿಯ ಗುಳ್ಳೆ, ಕಲ್ಲಿಗೆ ತಾಗಿದ ಗಾಯ ಎಲ್ಲವೂ ಮೊದಲ ನೋಟಕ್ಕೆ ಚುಕ್ಕೆಗಳೇ. ಇಂದಿನ ಚುಕ್ಕೆ ನಾಳೆಯೂ ಅದೇ ಜಾಗದಲ್ಲಿ, ನಾಡಿದ್ದೂ ಅದೇ ಜಾಗದಲ್ಲಿದೆಯೇ ಎಂದು ಫೋಟೋ ತೆಗೆದು ಹೋಲಿಸುವುದು ಒಳ್ಳೆಯ ಅಭ್ಯಾಸ. ಎರಡು ವಾರ ಒಂದೇ ಜಾಗದಲ್ಲಿ ನಿಂತ ಚುಕ್ಕೆ ಕ್ರಿಪ್ಟೋಕ್ಯಾರಿಯಾನ್ ಆಗಿರಲು ಸಾಧ್ಯವಿಲ್ಲ.

ಸಂಶಯ ಪೂರ್ತಿ ನಿವಾರಣೆಯಾಗುವುದು ಸೂಕ್ಷ್ಮದರ್ಶಕದ ಅಡಿಯಲ್ಲಿ ಮಾತ್ರ. ಶಾಲಾ ಮಟ್ಟದ ಸಾಧಾರಣ ಸೂಕ್ಷ್ಮದರ್ಶಕ ಇದಕ್ಕೆ ಸಾಕು. ನೂರು ಪಟ್ಟು ಹಿಗ್ಗಿಸುವ ಶಕ್ತಿಯಿದ್ದರೆ ಬೇಕಾದದ್ದೆಲ್ಲ ಕಾಣುತ್ತದೆ. ಮೀನಿನ ಪಕ್ಕೆಯಿಂದ ಗಾಜಿನ ಪಟ್ಟಿಯ ಅಂಚಿನಲ್ಲಿ ಹಗುರವಾಗಿ ಸವರಿ ತೆಗೆದ ಲೋಳೆಯನ್ನು ಒಂದು ಹನಿ ತೊಟ್ಟಿಯ ನೀರಿನಲ್ಲಿಟ್ಟು ಕೂಡಲೇ ನೋಡಬೇಕು. ಕ್ರಿಪ್ಟೋಕ್ಯಾರಿಯಾನ್ ದೊಡ್ಡದಾಗಿ, ಗಾಢವಾಗಿ, ನಿಧಾನವಾಗಿ ಉರುಳುತ್ತಿರುತ್ತದೆ. ಅಮೈಲೋಡಿನಿಯಂ ಕದಲುವುದೇ ಇಲ್ಲ, ಕಂದು ಬಣ್ಣದ ದುಂಡನೆಯ ಅಥವಾ ನೀಳಗೋಲವಾದ ಕೋಶವಾಗಿ ಅಂಟಿಕೊಂಡಿರುತ್ತದೆ. ಬ್ರೂಕ್ಲಿನೆಲ್ಲಾ ಮೂತ್ರಪಿಂಡದ ಆಕಾರದ್ದು, ಜಾರುತ್ತ ಚಲಿಸುತ್ತದೆ. ಯುರೋನೀಮಾ ಅದಕ್ಕಿಂತ ಸಣ್ಣದು, ನೀಳವಾದದ್ದು, ಬಾಣದ ವೇಗದ್ದು. ಚಪ್ಪಟೆ ಹುಳುವಿಗೆ ಹಿಂತುದಿಯಲ್ಲಿ ಕೊಕ್ಕೆಗಳಿರುವ ಬಿಲ್ಲೆ ಇರುತ್ತದೆ, ಒಮ್ಮೆ ಕಂಡವರು ಮರೆಯುವುದಿಲ್ಲ. ದುಬಾರಿ ದೀಪಗಳಿಗೂ ಪಂಪ್‌ಗಳಿಗೂ ಯೋಚಿಸದೆ ಖರ್ಚು ಮಾಡುವ ಹವ್ಯಾಸಿಗಳು ಸೂಕ್ಷ್ಮದರ್ಶಕವನ್ನು ಮಾತ್ರ ವಿಜ್ಞಾನಿಗಳ ಸಾಮಾನು ಎಂದುಕೊಳ್ಳುವುದು ನನಗೆ ಎಂದೂ ಅರ್ಥವಾಗಿಲ್ಲ.

ಹೆಸರು ತಿಳಿದ ಮೇಲೆ ಔಷಧದ ಮಾತು. ಪ್ರತಿಯೊಂದು ಔಷಧವೂ ಪರಾವಲಂಬಿಯ ಬದುಕಿನ ಯಾವುದೋ ಒಂದು ಹಂತವನ್ನಷ್ಟೇ ಮುಟ್ಟುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದ ನಿಯಮಗಳು ತಾವಾಗಿಯೇ ಅದರಿಂದ ಹೊರಡುತ್ತವೆ. ತಾಮ್ರ ಹಳೆಯದು, ಇಂದಿಗೂ ಮುಖ್ಯವಾದದ್ದು. ಅದು ಚರ್ಮದೊಳಗಿನ ಕ್ರಿಪ್ಟೋಕ್ಯಾರಿಯಾನ್ ಅನ್ನು ಕೊಲ್ಲಲಾರದು, ಕವಚದೊಳಗಿನದನ್ನೂ ಕೊಲ್ಲಲಾರದು. ಕವಚದಿಂದ ಮೀನಿನವರೆಗಿನ ಸಣ್ಣ ಪಯಣದಲ್ಲಿರುವ ಮರಿಜೀವಿಗಳನ್ನು ಮಾತ್ರ ಕೊಲ್ಲುತ್ತದೆ. ವೆಲ್ವೆಟ್‌ನ ವಿಷಯದಲ್ಲೂ ಹೀಗೆಯೇ. ಹಾಗಾಗಿ ತಾಮ್ರದ ಪ್ರಮಾಣ ಒಂದು ದಿನವೂ ಕೆಳಗಿಳಿಯದೆ ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು ವಾರ ನಿಲ್ಲಬೇಕು. ಐದನೆಯ ದಿನ ಚುಕ್ಕೆ ಹೋಯಿತೆಂದು ಔಷಧ ನಿಲ್ಲಿಸಿದರೆ, ಔಷಧ ಕೆಲಸ ಮಾಡಬೇಕಾದ ಹಂತ ಬರುವ ಮೊದಲೇ ನಿಲ್ಲಿಸಿದಂತಾಗುತ್ತದೆ.

ತಾಮ್ರದ ಪ್ರಮಾಣದ ವಿಷಯದಲ್ಲಿ ಗೊಂದಲ ಬಹಳ, ಏಕೆಂದರೆ ಎಲ್ಲ ತಾಮ್ರವೂ ಒಂದೇ ಅಲ್ಲ. ತಾಮ್ರದ ಸಲ್ಫೇಟ್‌ನಿಂದ ಬರುವ ಮುಕ್ತ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇದ್ದರೆ ಸಾಕು, ಅದಕ್ಕಿಂತ ಕಡಿಮೆಯಾದರೆ ಪರಾವಲಂಬಿ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಸಾವಯವ ಅಣುಗಳೊಂದಿಗೆ ಬಂಧಿಸಿದ ಕೀಲೇಟೆಡ್ ತಾಮ್ರಕ್ಕೆ ಗುರಿ ಸುಮಾರು 1.5ರಿಂದ 2.5 ಮಿಲಿಗ್ರಾಂ, ಅಂದರೆ ಹತ್ತು ಪಟ್ಟು ಹೆಚ್ಚು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಒಂದೋ ಔಷಧ ನೀರುಪಾಲು, ಇಲ್ಲವೇ ಮೀನು. ಬಾಟಲಿಯ ಮೇಲಿನ ಸೂಚನೆಯನ್ನು ಓದಿ, ಆ ಬಗೆಯ ತಾಮ್ರವನ್ನು ಅಳೆಯಬಲ್ಲ ಪರೀಕ್ಷಾ ಕಿಟ್ಟನ್ನೇ ಬಳಸಿ, ಗುರಿಯ ಪ್ರಮಾಣವನ್ನು ಎರಡು ದಿನಗಳಲ್ಲಿ ಹಂತಹಂತವಾಗಿ ಮುಟ್ಟಿ, ದಿನವೂ ಅಳೆಯಬೇಕು. ಹವಳದ ಕಲ್ಲು, ಸುಣ್ಣದ ಅಂಶದ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಚಿಕಿತ್ಸೆಗೆಂದು ಪ್ರತ್ಯೇಕವಾಗಿ ಇಡುವ ತೊಟ್ಟಿಯಲ್ಲಿ ಕಲ್ಲು, ಮರಳು ಇರಬಾರದು. ಮೀನು ಅವಿತುಕೊಳ್ಳಲು ಪಿವಿಸಿ ಕೊಳವೆಯ ತುಂಡುಗಳು, ಸ್ಪಂಜು ಫಿಲ್ಟರ್, ಹೀಟರ್, ಏರ್ ಪಂಪ್ ಇವಿಷ್ಟೇ. ಅಮೋನಿಯಾ ಹಿಡಿದಿಡುವ ರಾಸಾಯನಿಕಗಳಲ್ಲಿ ಕೆಲವು ತಾಮ್ರದೊಂದಿಗೆ ಸೇರಿದಾಗ ಅದನ್ನು ಹೆಚ್ಚು ವಿಷಕಾರಿಯಾಗಿಸುತ್ತವೆ, ಆದ್ದರಿಂದ ಅಮೋನಿಯಾ ಏರಿದರೆ ಅಷ್ಟೇ ಪ್ರಮಾಣದ ತಾಮ್ರ ಬೆರೆಸಿದ ಹೊಸ ನೀರಿನಿಂದ ನೀರು ಬದಲಾಯಿಸುವುದೇ ದಾರಿ. ಹವಳ, ಸೀಗಡಿ, ಶಂಖದ ಹುಳುಗಳಿರುವ ತೊಟ್ಟಿಗೆ ತಾಮ್ರ ಸೋಕಬಾರದು. ಅಕಶೇರುಕಗಳಿಗೆ ಅದು ನೇರ ವಿಷ. ಶಾರ್ಕ್, ತೊರಕೆ (ರೇ) ಮೀನುಗಳಿಗೂ, ಹುರುಪೆ ಇಲ್ಲದ ಮ್ಯಾಂಡರಿನ್‌ನಂಥ ಮೀನುಗಳಿಗೂ ನಾನು ತಾಮ್ರವನ್ನು ಸೂಚಿಸಲಾರೆ.

ಕ್ರಿಪ್ಟೋಕ್ಯಾರಿಯಾನ್ ಒಂದೇ ಇದೆ ಎಂಬ ಖಾತರಿಯಿದ್ದರೆ ಔಷಧವಿಲ್ಲದ ದಾರಿಯೂ ಇದೆ, ಮತ್ತು ಅದು ನನಗೆ ಈ ಇಡೀ ಶಾಸ್ತ್ರದಲ್ಲಿ ಅತಿ ಸುಂದರವಾಗಿ ಕಾಣುತ್ತದೆ. ಇಸ್ರೇಲಿನಲ್ಲಿ ಸಾಕಣೆಯ ಸೀ ಬ್ರೀಮ್ ಮೀನುಗಳ ಮೇಲೆ ಕೆಲಸ ಮಾಡುತ್ತಿದ್ದ ಆಂಜೆಲೋ ಕೊಲೊರ್ನಿ 1987ರಲ್ಲಿ ಈ ವಿಧಾನವನ್ನು ವಿವರಿಸಿದರು. ಮೀನಿನಿಂದ ಇಳಿದ ಜೀವಿ ಕವಚ ಕಟ್ಟಿ ಮರಿಜೀವಿಗಳನ್ನು ಹೊರಬಿಡಲು ಮೂರು ದಿನಗಳಾದರೂ ಬೇಕು. ಮೀನಿನ ಮೇಲೆ ಅದು ಒಂದು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಹಾಗಾದರೆ ಪ್ರತಿ ಮೂರು ದಿನಗಳಿಗೊಮ್ಮೆ ಮೀನನ್ನು ಪೂರ್ತಿ ಹೊಸ ನೀರಿನ, ಒಣಗಿಸಿದ ಬೇರೆ ತೊಟ್ಟಿಗೆ ದಾಟಿಸಿದರೆ, ಇಳಿದ ಜೀವಿಗಳೆಲ್ಲ ಒಡೆಯುವ ಮೊದಲೇ ಹಿಂದಿನ ತೊಟ್ಟಿಯಲ್ಲಿ ಉಳಿದುಬಿಡುತ್ತವೆ. ಹೀಗೆ ನಾಲ್ಕು ಬಾರಿ ದಾಟಿಸುವಷ್ಟರಲ್ಲಿ, ಹನ್ನೆರಡು ದಿನಗಳಲ್ಲಿ, ಮೀನಿನ ಮೇಲೆ ಇದ್ದದ್ದೆಲ್ಲ ಇಳಿದು ಮುಗಿದಿರುತ್ತದೆ. 72 ಗಂಟೆಗಳ ಗಡುವನ್ನು ಮೀರಬಾರದು, ಹಳೆಯ ತೊಟ್ಟಿಯ ಬಲೆ, ಹೀಟರ್, ನೀರು ಯಾವುದೂ ಹೊಸದಕ್ಕೆ ಸೇರಬಾರದು. ಆದರೆ ಈ ಲೆಕ್ಕ ಕ್ರಿಪ್ಟೋಕ್ಯಾರಿಯಾನ್‌ಗೆ ಮಾತ್ರ ಹೊಂದುತ್ತದೆ; ಮೀನಿನ ಮೇಲೆಯೇ ಹೆಚ್ಚುವ ಬ್ರೂಕ್ಲಿನೆಲ್ಲಾ ಎಷ್ಟು ತೊಟ್ಟಿ ಬದಲಾಯಿಸಿದರೂ ಮೀನಿನೊಂದಿಗೆ ಬರುತ್ತದೆ.

ಲವಣಾಂಶ ಇಳಿಸುವ ವಿಧಾನವೂ ಹೀಗೆಯೇ ಆಯ್ದ ಶತ್ರುವಿಗೆ ಆಯ್ದ ಅಸ್ತ್ರ. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ 1.026ರ ಸುಮಾರು, ಅದನ್ನು ಎರಡು ದಿನಗಳಲ್ಲಿ 1.009ಕ್ಕೆ ಇಳಿಸಿ, ಕೊನೆಯ ಚುಕ್ಕೆ ಹೋದ ಮೇಲೂ ಮೂರು ನಾಲ್ಕು ವಾರ ಅಲ್ಲೇ ನಿಲ್ಲಿಸಿದರೆ ಕ್ರಿಪ್ಟೋಕ್ಯಾರಿಯಾನ್‌ನ ಕವಚಗಳು ಒಳಗೇ ನಾಶವಾಗುತ್ತವೆ. ಎಲುಬುಳ್ಳ ಮೀನುಗಳು ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಮೇಲೇರಿಸುವಾಗ ಮಾತ್ರ ಒಂದು ವಾರದಷ್ಟು ನಿಧಾನ ಬೇಕು. ಸಾಂದ್ರತೆ ತುಸು ಏರಿದರೂ ಲೆಕ್ಕ ತಪ್ಪುವುದರಿಂದ, ಲವಣಾಂಶ ಅಳೆಯುವ, ಸರಿಯಾಗಿ ಹೊಂದಿಸಿದ ರಿಫ್ರ್ಯಾಕ್ಟೋಮೀಟರ್ ಇಲ್ಲದೆ ಇದಕ್ಕೆ ಕೈ ಹಾಕಬಾರದು. ತಗ್ಗಿದ ಲವಣಾಂಶವನ್ನು ತಾಳುವ ಕ್ರಿಪ್ಟೋಕ್ಯಾರಿಯಾನ್ ತಳಿಗಳೂ ವರದಿಯಾಗಿವೆ. ವೆಲ್ವೆಟ್‌ನ ಜೀವಿಗಂತೂ ಉಪ್ಪು ಕಡಿಮೆಯಾದದ್ದು ಲೆಕ್ಕಕ್ಕೇ ಇಲ್ಲ, ನದಿಮುಖದ ತೆಳು ಉಪ್ಪಿನ ನೀರಿನಲ್ಲೂ ಅದು ಹಾಯಾಗಿರುತ್ತದೆ. ಬಿಳಿ ಚುಕ್ಕೆ ಎಂದುಕೊಂಡು ಲವಣಾಂಶ ಇಳಿಸಿ, ನಿಜವಾಗಿ ಇದ್ದದ್ದು ವೆಲ್ವೆಟ್ ಆಗಿದ್ದರೆ, ಮೂರನೆಯ ದಿನ ತೊಟ್ಟಿಯಲ್ಲಿ ಚಿಕಿತ್ಸೆ ಕೊಡಲು ಮೀನೇ ಇರುವುದಿಲ್ಲ.

ಉಳಿದವುಗಳನ್ನು ಬೇಗ ಹೇಳಬಹುದು. ಮಲೇರಿಯಾ ಔಷಧವಾದ ಕ್ಲೋರೋಕ್ವಿನ್ ಫಾಸ್ಫೇಟ್ ಲೀಟರಿಗೆ ಸುಮಾರು 10 ಮಿಲಿಗ್ರಾಂ ಪ್ರಮಾಣದಲ್ಲಿ ವೆಲ್ವೆಟ್‌ಗೆ ಪರಿಣಾಮಕಾರಿ, ಆದರೆ ಅದನ್ನು ನೀರಿನಲ್ಲಿ ಅಳೆಯುವ ಸುಲಭದ ಕಿಟ್ ಇಲ್ಲ, ಶುದ್ಧತೆ ನಂಬಲರ್ಹವಾಗಿರಬೇಕು. ಬ್ರೂಕ್ಲಿನೆಲ್ಲಾಕ್ಕೆ ಫಾರ್ಮಲಿನ್ ಸ್ನಾನ: ಶೇ. 37ರ ಫಾರ್ಮಾಲ್ಡಿಹೈಡ್ ದ್ರಾವಣವನ್ನು ಲೀಟರಿಗೆ 0.15ರಿಂದ 0.25 ಮಿಲಿಲೀಟರಿನಂತೆ ಬೆರೆಸಿದ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ, ಬೆಚ್ಚಗಿನ ನೀರಾದರೆ ಕಡಿಮೆ ಪ್ರಮಾಣವೇ ಸುರಕ್ಷಿತ. ಅದು ನೀರಿನ ಆಮ್ಲಜನಕವನ್ನು ತಗ್ಗಿಸುವುದರಿಂದ ಏರ್ ಪಂಪ್ ಜೋರಾಗಿ ಓಡುತ್ತಿರಬೇಕು. ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುವಾದ್ದರಿಂದ ಕೈಗವಸು, ತೆರೆದ ಕಿಟಕಿ ಕಡ್ಡಾಯ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಟ್ಟಿದ್ದರೆ ಅದನ್ನು ಬಳಸಬಾರದು. ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಔಷಧ, ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಅದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಗಳು ದೊಡ್ಡವಾಗಿ ತಾವೇ ಮೊಟ್ಟೆ ಇಡುವ ಮೊದಲು ಎರಡನೆಯ ಪಾಳಿ, ಅಂದರೆ ಒಂದು ವಾರದ ಆಸುಪಾಸಿನಲ್ಲಿ, ಕೊಡಲೇಬೇಕು. ನಿಯೋಬೆನಿಡೀನಿಯಾದ ಮೊಟ್ಟೆಗಳಿಗೆ ಉದ್ದನೆಯ ಎಳೆಗಳಿದ್ದು ಬಲೆಗೆ, ಫಿಲ್ಟರಿಗೆ ಸುತ್ತಿಕೊಳ್ಳುವುದರಿಂದ ಅವುಗಳನ್ನೂ ತೊಳೆದು ಒಣಗಿಸಬೇಕು.

ಹವಳಗಳಿಗೆ ಹಾನಿಯಿಲ್ಲದೆ ಮುಖ್ಯ ತೊಟ್ಟಿಯಲ್ಲೇ ರೋಗ ಗುಣಪಡಿಸುತ್ತೇವೆ ಎನ್ನುವ ಬಾಟಲಿಗಳ ಬಗ್ಗೆ ನನಗೆ ವಿಶ್ವಾಸವಿಲ್ಲ. ಪರಾವಲಂಬಿಯ ಮರಿಜೀವಿಯನ್ನು ಕೊಲ್ಲುವಷ್ಟು ತೀಕ್ಷ್ಣವಾದದ್ದು ಹವಳದ ಮೃದು ಅಂಗಾಂಶವನ್ನೂ ಕಲ್ಲಿನೊಳಗಿನ ಸಾವಿರಾರು ಸಣ್ಣ ಜೀವಿಗಳನ್ನೂ ಮುಟ್ಟದೆ ಬಿಡುತ್ತದೆಂದರೆ ಅದಕ್ಕೆ ಬಲವಾದ ಪುರಾವೆ ಬೇಕು, ಮತ್ತು ಬಳಸಿದವರು ಕೊಡುವ ಪುರಾವೆ ಹೆಚ್ಚಾಗಿ ಐದನೆಯ ದಿನ ಚುಕ್ಕೆ ಹೋಯಿತು ಎಂಬುದಷ್ಟೇ. ನೇರಳಾತೀತ ದೀಪ ಅದರ ಮೂಲಕ ಹಾದ ಮರಿಜೀವಿಗಳನ್ನು ಕೊಂದು ಸೋಂಕಿನ ಭಾರ ಇಳಿಸಬಲ್ಲದು. ತಳದಲ್ಲಿ ಹುಟ್ಟಿ ಅಲ್ಲೇ ಮಲಗಿದ ಮೀನನ್ನು ಸೇರಿದವು ದೀಪದವರೆಗೆ ಹೋಗುವುದೇ ಇಲ್ಲ.

ಮೀನುಗಳೆಲ್ಲ ಚಿಕಿತ್ಸೆಯ ತೊಟ್ಟಿಯಲ್ಲಿರುವಾಗ ಮುಖ್ಯ ತೊಟ್ಟಿಗೆ ಬೇಕಾದದ್ದು ಕಾಲಾವಕಾಶ. ಒಂದೂ ಮೀನಿಲ್ಲದೆ ಅದನ್ನು ಬಿಟ್ಟರೆ ಕವಚಗಳೆಲ್ಲ ಒಡೆದು ಮರಿಜೀವಿಗಳು ಆಶ್ರಯ ಸಿಗದೆ ಸಾಯುತ್ತವೆ. 72 ದಿನಗಳ ದಾಖಲೆಯ ಮೇಲೆ ಒಂದಿಷ್ಟು ಸೇರಿಸಿ 76 ದಿನ ಬಿಡಬೇಕೆಂಬುದು ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ನೀರನ್ನು 27 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿಟ್ಟರೆ ಆರೇಳು ವಾರ ಸಾಕು ಎನ್ನುವವರೂ ಇದ್ದಾರೆ. ನಾನು ಉದ್ದನೆಯ ಲೆಕ್ಕದ ಪರ. ಹವಳಗಳಿಗೂ ಸೀಗಡಿಗಳಿಗೂ ಈ ಅವಧಿಯಲ್ಲಿ ಯಾವ ತೊಂದರೆಯೂ ಇಲ್ಲ, ಆಹಾರ ಸ್ವಲ್ಪ ಹಾಕುತ್ತಿದ್ದರೆ ಸಾಕು.

ರೋಗವನ್ನು ತೊಟ್ಟಿಯಿಂದ ಹೊರಹಾಕದೆ, ಮೀನುಗಳನ್ನು ಪುಷ್ಟಿಯಾಗಿಟ್ಟು ಅದರೊಂದಿಗೇ ಬದುಕುವಂತೆ ಮಾಡಬಹುದೆಂಬ ಇನ್ನೊಂದು ಪಕ್ಷವಿದೆ, ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಸೋಂಕು ತಗುಲಿ ಬದುಕುಳಿದ ಮೀನುಗಳಲ್ಲಿ ಪ್ರತಿರೋಧ ಬೆಳೆಯುವುದು ನಿಜ. ಬರ್ಜೆಸ್ ಮತ್ತು ಮ್ಯಾಥ್ಯೂಸ್ ಎಂಬ ಸಂಶೋಧಕರು 1995ರಲ್ಲಿ ಮುಲ್ಲೆಟ್ ಮೀನುಗಳಲ್ಲಿ ಅದು ಆರು ತಿಂಗಳವರೆಗೆ ಉಳಿಯುವುದನ್ನು ತೋರಿಸಿದರು. ಇದೇ ಇಬ್ಬರು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ರಿಪ್ಟೋಕ್ಯಾರಿಯಾನ್ 34 ಪೀಳಿಗೆಗಳ ಹೊತ್ತಿಗೆ ದುರ್ಬಲವಾಗಿ ಸೋಂಕು ತಗುಲಿಸಲಾರದಂತಾಯಿತು ಎಂಬುದೂ ವರದಿಯಾಗಿದೆ. ಅಂದರೆ ಹೊಸ ಜೀವಿಗಳು ಹೊರಗಿನಿಂದ ಸೇರದ ತೊಟ್ಟಿಯಲ್ಲಿ ರೋಗ ತಾನಾಗಿ ನಂದಿಹೋಗುವ ಸಾಧ್ಯತೆ ಇದೆ. ಆದರೆ ವರ್ಷಕ್ಕೊಂದಾದರೂ ಹೊಸ ಮೀನು ತಾರದ ಅಕ್ವೇರಿಯಂ ಹವ್ಯಾಸಿ ಎಲ್ಲಿದ್ದಾರೆ? ಜೊತೆಗೆ, ಈ ವಾದ ವೆಲ್ವೆಟ್‌ಗೆ ಸ್ವಲ್ಪವೂ ಸಲ್ಲುವುದಿಲ್ಲ.

ಹಾಗಾಗಿ ಹೊಸ ಮೀನನ್ನು ಮೊದಲು ಪ್ರತ್ಯೇಕ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಇಟ್ಟು, ಉಸಿರಾಟ ಮತ್ತು ಹಸಿವನ್ನು ಗಮನಿಸುವುದನ್ನು ನಾನು ಬಿಡುವುದಿಲ್ಲ. ಎಲ್ಲ ಮೀನುಗಳಿಗೂ ಮುನ್ನೆಚ್ಚರಿಕೆಯಾಗಿ ತಾಮ್ರ ಕೊಡಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವಿದೆ. ತಿನ್ನಲು ಇನ್ನೂ ಆರಂಭಿಸದ, ಪ್ರಯಾಣದಿಂದ ಬಳಲಿದ ಮೀನಿಗೆ ಮೊದಲ ದಿನವೇ ತಾಮ್ರ ಹಾಕುವುದಕ್ಕೆ ಮಾತ್ರ ನನ್ನ ವಿರೋಧವಿದೆ, ಏಕೆಂದರೆ ತಾಮ್ರ ಹಸಿವನ್ನು ಕುಗ್ಗಿಸುತ್ತದೆ. ಬಹಳ ಜನ ಮರೆಯುವುದು ಮೀನಲ್ಲದ ವಸ್ತುಗಳನ್ನು. ಮೀನುಗಳಿದ್ದ ತೊಟ್ಟಿಯಿಂದ ಬಂದ ಹವಳದ ತುಂಡಿನ ಬುಡಕ್ಕೆ, ಶಂಖದ ಹುಳುವಿನ ಚಿಪ್ಪಿಗೆ, ಒಂದು ಹಿಡಿ ಮರಳಿಗೆ ಕವಚಗಳು ಅಂಟಿಕೊಂಡಿರಬಹುದು, ಜೊತೆಗೆ ಬಂದ ಚೀಲದ ನೀರಿನಲ್ಲಿ ಮರಿಜೀವಿಗಳಿರಬಹುದು. ನೀರನ್ನು ಚೆಲ್ಲಿಬಿಡಬೇಕು. ಹವಳಕ್ಕೂ ಚಿಪ್ಪಿಗೂ ತಾಮ್ರ ಹಾಕುವಂತಿಲ್ಲ, ಆದ್ದರಿಂದ ಅವುಗಳನ್ನು ಮೀನಿಲ್ಲದ ಬೇರೊಂದು ಸಣ್ಣ ತೊಟ್ಟಿಯಲ್ಲಿ, ದೀಪ ಮತ್ತು ನೀರಿನ ಹರಿವು ಕೊಟ್ಟು, ಮುಖ್ಯ ತೊಟ್ಟಿಯನ್ನು ಖಾಲಿ ಬಿಟ್ಟಷ್ಟೇ ದಿನ ಇಟ್ಟು ಆಮೇಲೆ ಸೇರಿಸಬೇಕು.